ಹೆಜ್ಜಿ ಎಣಿಸಿದ್ದು ಸಾಕು, ದಣಿವು ಎಣಿಸ್ರಿ

ಹೋದ ವಾರ ಹಾಕಿದ ತೊಗರಿ ಫೋಟೋದಲ್ಲಿ ನನ್ನ ಎಡಗೈಯ ಪಟ್ಟಿ ಕಂಡು ಹತ್ತು-ಹನ್ನೆರಡು ಮಂದಿ "ಅಣ್ಣಾ, ಆ ವಾಚ್ ಹೆಂಗದ, ನಾವೂ ತಗೋಬೇಕೇನು" ಅಂತ ಕೇಳಿದಿರಿ. ತೊಗರಿ ಬಗ್ಗೆ ಕೇಳಿದವರು ಇಬ್ಬರೇ. ಇರಲಿ. ಅದು ವಾಚ್ ಅಲ್ಲ, ಫಿಟ್‌ನೆಸ್ ಬ್ಯಾಂಡ್. ಪುಣೆಯಲ್ಲಿರುವ ಮಗ ಯುಗಾದಿಗೆ ಬಂದಾಗ ತಂದು ಕಟ್ಟಿದ್ದು. ನಾಲ್ಕು ತಿಂಗಳಾಯಿತು, ಸ್ನಾನಕ್ಕೂ ಬಿಚ್ಚಿಲ್ಲ. ಯಾವ ಕಂಪನಿ ಅಂತ ಮಾತ್ರ ಕೇಳಬೇಡಿರಿ, ನಾನು ಯಾರ ಏಜೆಂಟನೂ ಅಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಪುರಸೊತ್ತಿಲ್ಲದವರು ಇಷ್ಟು ಓದಿ ಹೊಲಕ್ಕ ಹೋಗಬಹುದು. ಈ ಪಟ್ಟಿ ಎಣಿಸುವ ಹೆಜ್ಜೆಯಿಂದ ಮೈಮುರಿದು ದುಡಿಯುವವರಿಗೆ ದೊಡ್ಡ ಉಪಯೋಗವಿಲ್ಲ. ಅದು ಬರೆದಿಡುವ ನಿದ್ದೆ ಮತ್ತು ಎದೆಬಡಿತದ ಲೆಕ್ಕವನ್ನು ಮಾತ್ರ ಲಕ್ಷ್ಯಗೊಟ್ಟು ನೋಡಬೇಕು. ನಮಗೆ ಕಡಿಮೆ ಬಿದ್ದಿರೋದು ವಿಶ್ರಾಂತಿ. ಅದು ಯಾಕ ಸಿಗವಲ್ದು ಅಂತ ಹುಡುಕುತ್ತ ಹೋದರೆ ಕಾರಣ ಟಿಸಿ ಕಂಬದ ಹತ್ತಿರ ಸಿಗುತ್ತದೆ, ಕೂಲಿ ವೇಳೆಯಲ್ಲಿ ಸಿಗುತ್ತದೆ. ಮಣಿಕಟ್ಟಿನ ಮ್ಯಾಲ ಸಿಗಂಗಿಲ್ಲ.

ಮೊದಲು ಇದು ಹೆಂಗ ಕೆಲಸ ಮಾಡ್ತದ ಅಂತ ತಿಳಕೊಳ್ಳೋಣ. ಒಳಗೆ ಆಕ್ಸಿಲರೋಮೀಟರ್ ಅಂತ ಒಂದು ಸಣ್ಣ ಚಿಪ್ ಇರುತ್ತದೆ. ಕೈ ಒಂದೇ ತಾಳದಲ್ಲಿ ಬೀಸುವುದನ್ನು ನೋಡಿ ಅದು ಹೆಜ್ಜೆ ಅಂತ ಲೆಕ್ಕ ಹಿಡಿಯುತ್ತದೆ. ಅಂದ್ರ ಕಾಲಿನ ಲೆಕ್ಕವನ್ನ ಕೈ ನೋಡಿ ಬರೀತದ. ಹಿಂದೆ ಹಸಿರು ದೀಪ ಮಿಣುಕುತ್ತದಲ್ಲ, ಅದು ಎದೆಬಡಿತಕ್ಕೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗಿನ ರಕ್ತ ಏರಿ ಇಳಿಯುವುದರಿಂದ, ತಿರುಗಿ ಬರುವ ಬೆಳಕೂ ಹೆಚ್ಚು-ಕಡಿಮೆ ಆಗುತ್ತದೆ. ನಿದ್ದೆಯದು ಈ ಎರಡರ ಮೇಲೆ ಮಾಡಿದ ಅಂದಾಜು: ಕೈ ಅಲುಗಾಡವಲ್ದು, ಬಡಿತ ಇಳಿದದ, ಹಂಗಾದ್ರ ಮಲಗ್ಯಾನ. ಅಷ್ಟ.

ಈಗ ನಮ್ಮ ಹೊಲಕ್ಕೆ ಬರೋಣ. ಮೃಗಶಿರಾ ಮಳಿಗೆ ತೊಗರಿ ಬಿತ್ತಿದ ದಿವಸ, ಬಲಗೈಯಲ್ಲಿ ಬಾರಕೋಲು ಹಿಡಿದು ಎತ್ತಿನ ಬಾಜೂಕ ಹೊತ್ತು ಮುಳುಗುವ ತನಕ ನಡೆದೆ. 21,400 ಹೆಜ್ಜೆ. ಪಟ್ಟಿ ಝುಂ ಅಂತ ನಡುಗಿ ಪಟಾಕಿ ಹಾರುವ ಚಿತ್ರ ತೋರಿಸಿತು. ಅದೇ ಲಿಂಬಿ ಆಯುವ ದಿವಸ, ಬೆಳಗ್ಗೆ ಆರರಿಂದ ಮಧ್ಯಾಹ್ನದ ತನಕ ಮುಳ್ಳಿನ ಗಿಡದ ಬುಡದಲ್ಲಿ ಬಗ್ಗಿ, ಕುಂತು, ಎದ್ದು, ಚೀಲ ಹೊತ್ತು ರಸ್ತೆತನಕ ತಂದು ಹಾಕಿದ್ದಕ್ಕೆ 4,900. ಚೀಲ ಹೊತ್ತಾಗ ಎರಡೂ ಕೈ ಚೀಲ ಹಿಡಿದಿರ್ತಾವ, ಬೀಸಂಗಿಲ್ಲ. ಪಟ್ಟಿಗೆ ನಾನು ನಿಂತೇ ಇದೀನಿ ಅನಿಸ್ತದ.

ಇನ್ನೊಂದು ತಮಾಷೆ ಕೇಳ್ರಿ. ಒಂದು ದಿವಸ ಮನಿಯಾಕಿ ಕೈಗೆ ಕಟ್ಟಿದೆ. ಒಲಿ ಮುಂದೆ ಕುಂತು ಇಪ್ಪತ್ತು-ಇಪ್ಪತ್ತೈದು ಜೋಳದ ರೊಟ್ಟಿ ಬಡಿದು ಏಳುವಷ್ಟರಲ್ಲಿ 1,100 ಹೆಜ್ಜೆ. "ಹಿಂಗಾದ್ರ ನಾ ಒಲಿ ಮುಂದ ಕುಂತ ಪಂಢರಾಪುರ ಮುಟ್ಟತೀನಿ ಬಿಡ್ರಿ" ಅಂದಳು. ಮುದ್ದೇಬಿಹಾಳದಲ್ಲಿರುವ ನನ್ನ ಅಳಿಯ ಟ್ರ್ಯಾಕ್ಟರ್ ಹೊಡೆಯುವವ. ಎರಡು ದಿವಸ ಅವನ ಕೈಯಲ್ಲಿತ್ತು. ಸೀಟಿನಿಂದ ಇಳಿಯದೆ ದಿನಕ್ಕೆ ಎಂಟು-ಒಂಬತ್ತು ಸಾವಿರ ಹೆಜ್ಜೆ ನಡೆದಿದ್ದ! ರೋಟಾವೇಟರ್ ನಡುಕಕ್ಕೂ ನಮ್ಮ ರಸ್ತೆಯ ತಗ್ಗಿಗೂ ಕೈ ಕುಣಿದಿದ್ದೆಲ್ಲಾ ಹೆಜ್ಜೆ ಆಗಿತ್ತು. ರಸ್ತೆ ಎಷ್ಟು ಕೆಟ್ಟದ ಅಂತ ತಿಳೀಬೇಕಾದ್ರ ಎಂಜಿನಿಯರ್ ಬರೋದು ಬ್ಯಾಡ, ಒಂದು ಪಟ್ಟಿ ಕಟ್ಟಿ ಬಸ್ಸಿನ್ಯಾಗ ಕುಂತ್ರ ಸಾಕು.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅನ್ನುವ ಗುರಿ ಎಲ್ಲಿಂದ ಬಂತು ಅಂತ ಹುಡುಕಿದೆ. ಯಾವ ಡಾಕ್ಟರರೂ ಬರೆದುಕೊಟ್ಟಿದ್ದಲ್ಲ. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ಆಯಿತು, ಜಪಾನಿನಲ್ಲಿ ವ್ಯಾಯಾಮದ ಗಾಳಿ ಬೀಸಿತು. ಮರುವರ್ಷ, 1965ರಲ್ಲಿ, ಯಮಸಾ ಅನ್ನುವ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರ ಮಾರಿತು. ಅದರ ಹೆಸರು ಮಾನ್ಪೊ-ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಮಾರಾಟಕ್ಕೆ ಇಟ್ಟ ಹೆಸರು ಅರವತ್ತು ವರ್ಷದಲ್ಲಿ ಲೋಕದ ಕಾನೂನಾಗಿ ಕುಂತಿದೆ. 2019ರಲ್ಲಿ ಅಮೆರಿಕದ ಐ-ಮಿನ್ ಲೀ ಮತ್ತು ಅವರ ಜೊತೆಯವರು ಸರಾಸರಿ 72 ವಯಸ್ಸಿನ 16,741 ಹೆಣ್ಣುಮಕ್ಕಳ ಹೆಜ್ಜೆ ಲೆಕ್ಕ ಹಿಡಿದು ನೋಡಿದಾಗ, ದಿನಕ್ಕೆ 4,400ರಷ್ಟು ನಡೆದವರಲ್ಲೇ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆ ಇತ್ತು. ಸುಮಾರು 7,500 ಆದ ಮೇಲೆ ಇನ್ನಷ್ಟು ನಡೆದರೂ ಹೆಚ್ಚಿನ ಲಾಭ ಕಾಣಲಿಲ್ಲ.

ಕ್ಯಾಲರಿ ಲೆಕ್ಕವನ್ನಂತೂ ನಂಬಲೇಬೇಡಿರಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ ಏಳು ಸಾಧನಗಳನ್ನು 60 ಜನರಿಗೆ ಕಟ್ಟಿ ಪರೀಕ್ಷೆ ಮಾಡಿದರು. ಏಳರಲ್ಲಿ ಆರು ಎದೆಬಡಿತವನ್ನು ಶೇಕಡಾ 5ರ ಒಳಗಿನ ವ್ಯತ್ಯಾಸದಲ್ಲಿ ಹೇಳಿದವು. ಕ್ಯಾಲರಿಯಲ್ಲಿ ಎಲ್ಲಕ್ಕಿಂತ ಚಲೋ ಇದ್ದದ್ದೂ ಶೇಕಡಾ 27 ತಪ್ಪಿತ್ತು, ಕೆಟ್ಟದ್ದು ಶೇಕಡಾ 93. ಶೇಕಡಾ 93 ತಪ್ಪು ತೂಗುವ ತಕ್ಕಡಿ ಮಾರ್ಕೆಟ್ಟಿನ್ಯಾಗ ಇಟ್ರ ನಾವು ಸುಮ್ಮ ಬಿಡ್ತೀವೇನು?

ಹಂಗಂತ ನಡೆಯೋದು ಬ್ಯಾಡ ಅಂತ ನಾ ಹೇಳವಲ್ಲೆ. ಯುಗಾದಿ ಮುಂದೆ ನಮ್ಮ ಭಾಗದಿಂದ ಶ್ರೀಶೈಲಕ್ಕೆ ನೂರಾರು ಕಿಲೋಮೀಟರು ಪಾದಯಾತ್ರೆ ಹೋಗುವವರನ್ನು ನೋಡಿದ್ದೀರಿ, ಕೆಲವರು ಮರಗಾಲು ಕಟ್ಟಿಕೊಂಡು ಹೋಗುತ್ತಾರೆ. ನಡಿಗಿ ನಮಗೆ ಹೊಸದಲ್ಲ. ಆದರೆ ಈಗ ಹೊಲಕ್ಕೆ ಬೈಕ್ ಮೇಲೆ ಹೋಗಿ, ಬದುವಿನ ಮೇಲೆ ನಿಂತು ಆಳು ನೋಡಿ, ಬೈಕ್ ಮೇಲೆ ತಿರುಗಿ ಬಂದು, ಸಂಜೆ ಚಹಾದ ಅಂಗಡಿಯಲ್ಲಿ ಕೂಡುವ ರೈತರು ಕಡಿಮೆ ಇಲ್ಲ. "ನಾವು ಹಳ್ಳಿ ಮಂದಿ, ನಮಗೆಲ್ಲಿ ಶುಗರ್" ಅನ್ನುವ ಮಾತು ಹಳೆಯದಾಯಿತು. ಐಸಿಎಂಆರ್ ಬೆಂಬಲದ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಬಂತು. ಸಕ್ಕರೆ ಕಾಯಿಲೆಯ ಬಾಗಿಲಲ್ಲಿ ನಿಂತವರ ಪ್ರಮಾಣದಲ್ಲಿ ಹಳ್ಳಿಗೂ ಪಟ್ಟಣಕ್ಕೂ ಹೇಳಿಕೊಳ್ಳುವ ಫರಕೇ ಇರಲಿಲ್ಲ. ಬೈಕ್ ರೈತರಿಗೆ ಹೆಜ್ಜೆಯ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಅವರು ಕಟ್ಟಿಕೊಳ್ಳಲಿ, ನಾಲ್ಕು ಹೆಜ್ಜೆ ಹೆಚ್ಚು ಹಾಕಲಿ.

ಇಲ್ಲೇ ಒಂದು ಎಚ್ಚರಿಕೆ. ಚುಚ್ಚದೆ ಶುಗರ್ ಹೇಳುತ್ತದೆ ಅಂತ ಜಾಹೀರಾತು ಬರುವ ವಾಚು, ಉಂಗುರ ತಗೊಳ್ಳಬೇಡಿರಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ, ಅಂಥ ಒಂದು ಸಾಧನಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಅಂತ ಜನರನ್ನು ಎಚ್ಚರಿಸಿದೆ. ಆ ಅಂಕಿ ನೋಡಿ ಗುಳಿಗಿ ಹೆಚ್ಚು-ಕಡಿಮೆ ಮಾಡಿಕೊಂಡರೆ ಜೀವಕ್ಕೇ ಕುತ್ತು. ರಕ್ತ ತಪಾಸಣೆಗೆ ಸರಕಾರಿ ದವಾಖಾನೆಗೆ ಹೋಗ್ರಿ.

ಇನ್ನು ನಾನು ಹೇಳಬೇಕಾದ ಮುಖ್ಯ ಮಾತು. ನಿದ್ದೆ.

ಇಂಡಿ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಬರೆಯುತ್ತೇನೆ. 2023ರಲ್ಲಿ ಇಂಡಿ ಲಿಂಬಿಗೆ ಜಿಐ ಟ್ಯಾಗ್ ಸಿಕ್ಕಿತು, ಹೆಸರು ಬಂತು, ಚಲೋ ಆಯಿತು. ಆದರೆ ಬೇಸಿಗೆಯಲ್ಲಿ ಕಾಯಿ ಹಿಡಿದರೆ ಮಾತ್ರ ಲಿಂಬಿಗೆ ರೇಟು. ಕಾಯಿ ಹಿಡಿಯಬೇಕಾದರೆ ಏಪ್ರಿಲ್-ಮೇ ತಿಂಗಳಲ್ಲಿ ಗಿಡದ ಬುಡ ಒಣಗಬಾರದು. ಬೋರಿಗೆ ನೀರು ಬರಬೇಕಾದರೆ ತ್ರೀ ಫೇಸ್ ಬರಬೇಕು. ತ್ರೀ ಫೇಸ್ ಪಾಳಿ ಪ್ರಕಾರ ಬರುತ್ತದೆ: ನಮ್ಮ ಲೈನಿನಲ್ಲಿ ಒಂದು ವಾರ ಹಗಲು, ಒಂದು ವಾರ ರಾತ್ರಿ.

ಈ ನಾಲ್ಕು ತಿಂಗಳ ಲೆಕ್ಕ ನನ್ನ ಮೊಬೈಲಿನಲ್ಲಿದೆ, ವಹಿಯಲ್ಲೂ ಬರೆದಿಟ್ಟೀನಿ. ಬೇಸಿಗೆಯ ಹಗಲು ಪಾಳಿ ವಾರಗಳಲ್ಲಿ ನನ್ನ ನಿದ್ದೆ ಸರಾಸರಿ ಆರೂವರೆ ತಾಸು, ಸುಮ್ಮನೆ ಮಲಗಿದ್ದಾಗಿನ ಎದೆಬಡಿತ 63. ರಾತ್ರಿ ಪಾಳಿ ವಾರಗಳಲ್ಲಿ ನಿದ್ದೆ ಮೂರು ತಾಸು ನಲವತ್ತು ನಿಮಿಷ, ಬಡಿತ 71. ಪಾಳಿ ಮುಗಿದ ಮೇಲೂ ಬಡಿತ ಮೊದಲಿನ ಜಾಗಕ್ಕೆ ಬರಲು ನಾಲ್ಕೈದು ದಿವಸ ಬೇಕಾಯಿತು. ಅಷ್ಟರಲ್ಲಿ ಮತ್ತೆ ರಾತ್ರಿ ಪಾಳಿ ಹತ್ತಿರ. ಪಟ್ಟಿಯ ಅಂಕಿ ಅಷ್ಟು ಕರಾರುವಾಕ್ಕಲ್ಲ ಅಂತ ಮೇಲೆ ನಾನೇ ಹೇಳಿದ್ದೇನೆ. ಆದರೆ ಅದೇ ಪಟ್ಟಿ, ಅದೇ ಕೈ, ಒಂದು ವಾರ ಬಿಟ್ಟು ಒಂದು ವಾರ ಅದೇ ರೀತಿ ಏರಿ ಇಳಿಯುತ್ತಿದ್ದರೆ ಅದರಲ್ಲಿ ಏನೋ ಸತ್ಯ ಇದೆ ಅಂತ ಯಾವ ರೈತನಿಗಾದರೂ ತಿಳಿಯುತ್ತದೆ. ಮಳೆ ಮಾಪಕ ಎರಡು ಮಿಲಿಮೀಟರು ಹೆಚ್ಚು-ಕಡಿಮೆ ತೋರಿಸಿದರೂ ಮಳೆ ಆದದ್ದು ಸುಳ್ಳಲ್ಲ.

ಆಟೋ ಸ್ಟಾರ್ಟರ್ ಹಾಕಿ ಮನ್ಯಾಗ ಮಲಗಬಹುದಲ್ಲ ಅಂತ ಪಟ್ಟಣದ ಗೆಳೆಯರೊಬ್ಬರು ಕೇಳಿದರು. ಮೋಟಾರು ತಾನೇ ಚಾಲೂ ಆಗ್ತದ ಖರೆ. ಒಂದು ಭಾಗ ತೊಯ್ದ ಮೇಲೆ ಮುಂದಿನ ಭಾಗಕ್ಕೆ ವಾಲ್ವ್ ತಿರುವುವವರು ಯಾರು? ಡ್ರಿಪ್ಪಿನ ಪೈಪು ಇಲಿ ಕಡಿದು ನೀರು ಒಂದೇ ಕಡೆ ಹರಿದರೆ ನೋಡುವವರು ಯಾರು? ನಡುರಾತ್ರಿ ಒಂದು ಫೇಸ್ ಹೋಗಿ ಮೋಟಾರು ಸುಟ್ಟರೆ ರಿವೈಂಡಿಂಗ್ ಖರ್ಚು ಯಾರ ಮನಿದು? ಅದಕ್ಕ ಬ್ಯಾಟರಿ, ಕೋಲು ಹಿಡಕೊಂಡು ಹೋಗೋದು. ಹಾವು ಇರ್ತಾವ, ತೊಯ್ದ ನೆಲದ ಮ್ಯಾಲ ಸ್ಟಾರ್ಟರ್ ಡಬ್ಬಿ ಮುಟ್ಟೋದು ಇರ್ತದ. ಬೆಳಗ್ಗೆ ಆರಕ್ಕೆ ಬಂದು ಹಾಸಿಗೆ ಮೇಲೆ ಬಿದ್ದರೆ ಮೊಬೈಲಿನಲ್ಲಿ ಪಟ್ಟಿಯ ಬುದ್ಧಿಮಾತು: ನಿನ್ನೆ ನಿದ್ದೆ ಸಾಲಲಿಲ್ಲ, ದಿನಾಲೂ ಒಂದೇ ಹೊತ್ತಿಗೆ ಮಲಗುವ ರೂಢಿ ಮಾಡಿಕೊಳ್ಳಿ. ಯಪ್ಪಾ, ಆ ಬುದ್ಧಿಮಾತು ಲೈನ್‌ಮನ್‌ಗೆ ಹೇಳು, ನನಗ್ಯಾಕ ಹೇಳ್ತಿ. (ಲೈನ್‌ಮನ್ನೂ ನಮ್ಮಂಗ ರಾತ್ರಿ ಎದ್ದವನೇ, ಪಾಪ. ಪಾಳಿ ಬರೆಯುವವರು ಬ್ಯಾರೆ.)

ನಮ್ಮ ಜಿಲ್ಲೆಯ ಮಂದಿ ಈ ಮಾತನ್ನು ಒಮ್ಮೆ ದೇಶಕ್ಕೆಲ್ಲ ತಿಳಿಯುವ ಹಾಗೆ ಹೇಳಿದ್ದುಂಟು. ಮೊದಲು ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದು ಈಗ ಕೊಲ್ಹಾರಕ್ಕೆ ಸೇರಿದ ರೋಣಿಹಾಳದ ರೈತರು 2023ರ ಅಕ್ಟೋಬರಿನಲ್ಲಿ ರಾತ್ರಿ ಹೊಲದಲ್ಲಿ ಸಿಕ್ಕ ಮೊಸಳೆಯನ್ನು ಹಗ್ಗ ಹಾಕಿ ಕಟ್ಟಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ವಿದ್ಯುತ್ ಉಪಕೇಂದ್ರದ ಮುಂದೆ ತಂದು ಇಳಿಸಿದರು. ರಾತ್ರಿ ಕರೆಂಟ್ ಕೊಟ್ಟರೆ ನಾವು ಇಂಥಾವುಗಳ ನಡುವೆ ನೀರು ಹಾಯಿಸಬೇಕು, ಹಗಲು ಕೊಡ್ರಿ ಅಂತ. ಟಿವಿಯವರಿಗೆಲ್ಲ ಅದು ಮೋಜಿನ ಸುದ್ದಿಯಾಯಿತು, ನಾಲ್ಕು ದಿವಸ ಓಡಿತು. ಮೊಸಳೆ ಎಲ್ಲರಿಗೂ ಕಾಣಿಸಿತು. ಅಲ್ಲಿ ನಿಂತವರ ಕಣ್ಣಿನ ನಿದ್ದೆ ಯಾರಿಗೂ ಕಾಣಿಸಲಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಪಟ್ಟಿಯ ನಿಜವಾದ ಉಪಯೋಗ ಇಲ್ಲಿದೆ, ಕಾಣದ್ದನ್ನು ಬರೆದಿಡುವುದರಲ್ಲಿ. ದಾರಿ ಇಲ್ಲದ್ದೇನೂ ಅಲ್ಲ. ಕೇಂದ್ರ ಸರಕಾರ 2019ರಲ್ಲಿ ಶುರು ಮಾಡಿದ ಪಿಎಂ-ಕುಸುಮ್ ಯೋಜನೆಯಲ್ಲಿ ಕೃಷಿ ಫೀಡರನ್ನೇ ಸೋಲಾರಿಗೆ ಜೋಡಿಸಿ ಹಗಲು ಕರೆಂಟ್ ಕೊಡುವುದಕ್ಕೆ ಅವಕಾಶ ಇದೆ. ವಿಜಯಪುರದ ಬಿಸಿಲು ಯಾರಿಗೂ ಕಡಿಮೆ ಬಿದ್ದಿಲ್ಲ. ನಮ್ಮ ಫೀಡರಿಗೆ ಯಾವಾಗ ಅಂತ ಕೇಳುವುದು ನಮ್ಮ ಕೆಲಸ.

"ದುಡಿಯುವ ಮೈಗೆ ರೋಗ ಇಲ್ಲ" ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಪೂರ್ತಿ ಖರೆ ಅಲ್ಲ. ಡೆನ್ಮಾರ್ಕಿನಲ್ಲಿ ಆಂಡ್ರಿಯಾಸ್ ಹೊಲ್ಟರ್‌ಮನ್ ಅನ್ನುವವರ ತಂಡ ಕೋಪನ್‌ಹೇಗನ್ನಿನ 1,04,046 ಜನರ ಲೆಕ್ಕ ನೋಡಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಬಿಡುವಿನ ವೇಳೆಯಲ್ಲಿ ಓಡುವ, ಆಡುವ, ನಡೆಯುವವರಿಗೆ ಹೃದಯದ ಕಾಯಿಲೆ ಕಡಿಮೆ. ಹೊಟ್ಟೆಪಾಡಿಗೆ ಮೈಮುರಿದು ದುಡಿಯುವವರಿಗೆ ಹೆಚ್ಚು. ಒಂದೇ ಮೈ, ಒಂದೇ ಬೆವರು, ಫಲ ಮಾತ್ರ ಬೇರೆ. ಇದಕ್ಕೆ ಅವರು ಕೊಡುವ ವಿವರಣೆ ನನಗಂತೂ ಹೊಲದಲ್ಲಿ ಕಂಡಿದ್ದೇ. ವ್ಯಾಯಾಮ ಮಾಡುವವ ಅರ್ಧ ತಾಸು ಎದೆ ಬಡಿಸಿಕೊಂಡು ಆಮೇಲೆ ಕುಂತು ನೀರು ಕುಡಿಯುತ್ತಾನೆ. ಕೂಲಿ ಮಾಡುವವರು ಎಂಟು ತಾಸು ಬಗ್ಗಿ, ಎತ್ತಿ, ಹೊತ್ತು, ಬಡಿತ ಇಳಿಯಲು ಸಮಯವೇ ಕೊಡುವುದಿಲ್ಲ. ಎತ್ತಿಗೆ ನಾವು ಮಧ್ಯಾಹ್ನ ಕೊಳ್ಳ ಹರಿದು ನೆರಳಿಗೆ ಕಟ್ಟುತ್ತೇವೆ. ಆಳಿಗೆ?

ಆಳು ಅಂದಾಗ ಸಿಂದಗಿ ಕಡೆ ಇರುವ ನಮ್ಮ ಸೋದರತ್ತಿಯ ಮಾತು ಹೇಳಲೇಬೇಕು. ಎಪ್ಪತ್ತು ದಾಟಿದ್ದಾಳೆ. ಬ್ಯಾಡಂದ್ರೂ ಕೇಳದೆ ಹೊಲದಲ್ಲಿ ಹತ್ತಿಯ ಕಸ ತೆಗೆಯಲು ಕೂರುತ್ತಾಳೆ. ಹೋದ ತಿಂಗಳು ಹೋದಾಗ ಪಟ್ಟಿ ಅಕಿ ಕೈಗೆ ಕಟ್ಟಿದೆ. ಬಳೆ ಮೇಲೆ ಸರಿಸಿ ಕಟ್ಟಿದರೂ ಎದೆಬಡಿತ ಬರಲೇ ಇಲ್ಲ, ಬರೇ ಎರಡು ಗೀಟು. ನೋಡಿದರೆ ಮುಂಗೈ ತುಂಬ ಹಚ್ಚೆ. ನಮ್ಮ ಕಡೆಯ ಹಳೇ ಹೆಣ್ಣುಮಕ್ಕಳ ಕೈ ಗೊತ್ತಲ್ಲ, ಮಣಿಕಟ್ಟಿನಿಂದ ಮೊಣಕೈತನಕ ಹಸಿರು ಬಳ್ಳಿ. ಆ ಬಣ್ಣ ಪಟ್ಟಿಯ ಬೆಳಕನ್ನು ತಡೆಯುತ್ತದೆ. 2015ರಲ್ಲಿ ಆಪಲ್ ಕಂಪನಿಯವರು ತಮ್ಮ ಮೊದಲ ವಾಚು ತಂದಾಗಲೂ ಹಚ್ಚೆ ಇದ್ದ ಕೈಯಲ್ಲಿ ಬಡಿತ ಸರಿಯಾಗಿ ಸಿಗದಿರಬಹುದು ಅಂತ ಅವರೇ ಒಪ್ಪಿಕೊಂಡಿದ್ದರು. ಆ ಯಂತ್ರ ಮಾಡುವಾಗ ನಮ್ಮ ಅತ್ತಿ ಕೈ ಯಾರ ಕಣ್ಣ ಮುಂದೆಯೂ ಇರಲಿಲ್ಲ ಅನ್ನುವುದಂತೂ ಖರೆ. "ನನ್ನ ಎದಿ ನಿನ್ನ ಡಬ್ಬಿಗೆ ಕೇಳಸೂದಿಲ್ಲೇನೋ? ಬಿಡು, ಇಷ್ಟು ವರ್ಷ ಯಾರಿಗೆ ಕೇಳಸೇದ" ಅಂತ ನಕ್ಕಳು.

ಕಡೆಗೆ ಹಚ್ಚೆ ಇಲ್ಲದ ಕಡೆ, ಮೊಣಕೈ ಕೆಳಗೆ ಬಿಗಿದು ಕಟ್ಟಿದೆ, ಆಗ ಹಿಡಿಯಿತು. ಎಂಟು ಗಂಟೆಯಿಂದ ಹನ್ನೆರಡರ ತನಕ ಅತ್ತಿ ಖುರ್ಪಿ ಹಿಡಿದು ಕುಕ್ಕರಗಾಲಲ್ಲಿ ಸಾಲು ಸಾಗಿದಳು. ಹೆಜ್ಜೆ 1,300. ಬಡಿತ ನಾಲ್ಕು ತಾಸೂ ನೂರರ ಕೆಳಗೆ ಇಳಿಯಲಿಲ್ಲ, ಹನ್ನೊಂದರ ಮೇಲೆ 128ರ ತನಕ ಹೋಯಿತು. ಆ ನಾಲ್ಕು ತಾಸಿನಲ್ಲಿ ಪಟ್ಟಿ ಮೂರು ಸಲ ನಡುಗಿ ಏನು ಹೇಳಿತು ಗೊತ್ತೇನು? ನೀವು ಬಹಳ ಹೊತ್ತಿನಿಂದ ಕುಳಿತೇ ಇದ್ದೀರಿ, ಎದ್ದು ಸ್ವಲ್ಪ ನಡೆಯಿರಿ.

ಕುಂತವರೆಲ್ಲ ಸುಮ್ಮ ಕುಂತಾರ ಅಂತ ಅದು ತಿಳಕೊಂಡದ. ಆಫೀಸಿನಲ್ಲಿ ಕುಂತವರಿಗಾಗಿ ಮಾಡಿದ ಯಂತ್ರ ಅದು, ಅದಕ್ಕೇನು ಗೊತ್ತು. ನಮಗರೆ ಗೊತ್ತಿರಬೇಕಲ್ಲ? ಗಂಡಾಳು ಎತ್ತಿನ ಹಿಂದೆ ನಡೆದರೆ ಪಗಾರ ಹೆಚ್ಚು, ಹೆಣ್ಣಾಳು ಕುಂತು ಕಸ ತೆಗೆದರೆ ಕಡಿಮೆ. ನಮ್ಮ ಲೆಕ್ಕವೂ ಪಟ್ಟಿಯ ಲೆಕ್ಕವೂ ಒಂದೇ ಆಯಿತು.

ಇನ್ನೊಂದು ಮಾತನ್ನು ಸರಕಾರವೇ ಒಪ್ಪಿದೆ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳ ಜೊತೆ ನಮ್ಮ ವಿಜಯಪುರ, ಬಾಗಲಕೋಟೆಯ ಸರಕಾರಿ ಕಚೇರಿಗಳ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಇಲ್ಲಿಯ ಬಿಸಿಲು ಮನುಷ್ಯನ ಮೈಗೆ ತಡೆಯುವಂಥದ್ದಲ್ಲ ಅಂತ ಅರ್ಥ. ಸೂರಿನ ಕೆಳಗೆ, ಫ್ಯಾನಿನ ಕೆಳಗೆ ಕುಂತವರಿಗೆ ಆ ವೇಳೆ ಸರಿಯಾಗಿಯೇ ಇದೆ, ನನ್ನ ತಕರಾರಿಲ್ಲ. ಆದರೆ ಅದೇ ಮೇ ತಿಂಗಳಲ್ಲಿ ಹೊಲದಲ್ಲಿ ಕೂಲಿಯ ವೇಳೆ ಹತ್ತರಿಂದ ಐದು, ಮೊದಲಿನಂತೆಯೇ. ಮೇ ಎರಡನೇ ವಾರ ಲಿಂಬಿ ಗಿಡದ ಬುಡ ಅಗೆಯುವಾಗ ಮಧ್ಯಾಹ್ನ ಎರಡಕ್ಕೆ ನನ್ನ ಬಡಿತ 140 ದಾಟಿತ್ತು. ಅದೇ ಕೆಲಸ ಬೆಳಗ್ಗೆ ಏಳಕ್ಕೆ ಮಾಡಿದರೆ 110. ಸಲಿಕೆ ಅದೇ, ನೆಲ ಅದೇ. ಆ ಮೂವತ್ತು ಬಡಿತ ಬರೇ ಬಿಸಿಲಿಗೆ ಹೋಯಿತು, ಒಂದು ಗುಂಡಿ ಹೆಚ್ಚು ಆಗಲಿಲ್ಲ.

ಈ ಅಂಕಿಗಳನ್ನು ನಮ್ಮೂರ ಕಟ್ಟೆಯ ಮೇಲೆ ಹೇಳುತ್ತಿದ್ದಾಗ ದೊಡ್ಡ ಹೊಲದವರೊಬ್ಬರು ಖುಷಿಯಿಂದ ಅಂದರು: "ಭಾಳ ಚಲೋ ಆತು. ಆಳಿಗೆಲ್ಲಾ ಒಂದೊಂದು ಕಟ್ಟೂಣು. ಯಾರು ಮೈಗಳ್ಳರು ಅನ್ನೂದು ಮನ್ಯಾಗ ಕುಂತ ತಿಳೀತದ." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಯಾಕಂದರೆ ಇದು ಚೇಷ್ಟೆಯ ಮಾತಾಗಿ ಉಳಿದಿಲ್ಲ. ಇಸ್ರೇಲಿನ ಅಫಿಕಿಮ್ ಅನ್ನುವ ಊರಿನವರು ಆಕಳ ಕಾಲಿಗೆ ಹೆಜ್ಜೆ ಎಣಿಸುವ ಯಂತ್ರ ಕಟ್ಟಿ ಹೆಸರುವಾಸಿಯಾದವರು. ಆಕಳು ಬೆದೆಗೆ ಬಂದಾಗ ಹೆಚ್ಚು ಓಡಾಡುತ್ತದೆ, ಹೆಜ್ಜೆ ಏರಿದ್ದು ನೋಡಿ ಮಾಲಕ ಇಂಜೆಕ್ಷನ್ ಮಾಡಿಸುತ್ತಾನೆ. ಅದು ಬರೋಬ್ಬರಿ. ಆಕಳ ಲೆಕ್ಕ ಆಕಳಿಗೆ ಬೇಕಾಗಿಲ್ಲ, ಮಾಲಕನಿಗೆ ಬೇಕು. ಆದರೆ ನಮ್ಮ ದೇಶದಲ್ಲೇ ನಾಗಪುರ, ಚಂಡೀಗಢ, ಪಂಚಕುಲಾದಲ್ಲಿ ಕಸ ಗುಡಿಸುವ ಪೌರಕಾರ್ಮಿಕರ ಕೈಗೆ ಜಿಪಿಎಸ್ ವಾಚು ಕಟ್ಟಿಸಿದರು. ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು ಅನ್ನುವುದು ಆಫೀಸಿನ ಪರದೆಯ ಮೇಲೆ. ಪಂಚಕುಲಾ, ಚಂಡೀಗಢದಲ್ಲಿ ಆ ಹೆಣ್ಣುಮಕ್ಕಳು, ಗಂಡಸರು ಬೀದಿಗಿಳಿದು ಪ್ರತಿಭಟಿಸಿದರು. ಕಕ್ಕಸಿಗೆ ಹೋಗುವಾಗಲೂ ಯಾರೋ ನೋಡುತ್ತಿದ್ದಾರೆ ಅನ್ನುವ ಅಂಜಿಕೆಯಲ್ಲಿ ಹೆಂಗ ದುಡೀಬೇಕು? ನನ್ನ ಕೈಯ ಲೆಕ್ಕ ನನಗೆ ಬಂದರೆ ಅದು ನನ್ನ ಆರೋಗ್ಯ. ಅದೇ ಲೆಕ್ಕ ಪಗಾರ ಕೊಡುವವರಿಗೆ ಹೋದರೆ ಕೊಳ್ಳಿಗೆ ಹಗ್ಗ. ನಮ್ಮ ಹೊಲದ ಕೂಲಿಯವರ ಕೈಗೆ ಇಂಥದ್ದು ಬರಬಾರದು ಅಂತ ಕಟ್ಟೆಯ ಮೇಲೆಯೇ ಹೇಳಿದೆ, ಇಲ್ಲೂ ಬರೆಯುತ್ತಿದ್ದೇನೆ.

ಹಂಗಾದ್ರ ಮಾಡೋದೇನು? ಶ್ರಾವಣದ ಮೊದಲ ವಾರ ತೊಗರಿ ಕಸ ತೆಗೆಯುವುದಿತ್ತು. ನಾನು ಮತ್ತು ಬಾಜೂ ಹೊಲದ ಮೂವರು ಕೂಡಿ, ವೇಳೆ ಬದಲು ಮಾಡೋಣ, ಬೆಳಗ್ಗೆ ಆರೂವರೆಗೆ ಹಚ್ಚಿ ಹನ್ನೆರಡೂವರೆಗೆ ಬಿಡೋಣ, ಪಗಾರ ಪೂರ್ತಿ ಕೊಡೋಣ ಅಂತ ಮಾತಾಡಿದೆವು. ಬರುವ ಹೆಣ್ಣುಮಕ್ಕಳು ಖುಷಿ ಪಡುತ್ತಾರೆ ಅಂತ ಎಲ್ಲರ ಲೆಕ್ಕ. ಅವರಲ್ಲಿ ಹಿರಿಯಳೊಬ್ಬಳು ಸೀರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳು: "ಅಣ್ಣಾ, ಆರೂವರಿಗೆ ಹೊಲದಾಗ ಇರಬೇಕಂದ್ರ ರೊಟ್ಟಿ ಯಾವಾಗ ಬಡೀಲಿ? ನೀರು ಯಾವಾಗ ತುಂಬಲಿ? ನಾಕಕ್ಕ ಏಳಾಕಿ ಮೂರಕ್ಕ ಏಳಬೇಕು. ನಿಮ್ಮ ಬಿಸಿಲು ಉಳೀತದ, ನಮ್ಮ ನಿದ್ದಿ ಹೋಗ್ತದ."

ನಾಲ್ಕು ತಿಂಗಳ ನನ್ನ ಅಂಕಿ-ಸಂಖ್ಯೆ ಎಲ್ಲಾ ಅಕಿ ಒಂದು ಮಾತಿನ ಮುಂದೆ ಸಣ್ಣದಾಯಿತು. ಕುಂತು ಮತ್ತೆ ಮಾತಾಡಿದೆವು. ಎಂಟಕ್ಕೆ ಹಚ್ಚುವುದು, ಹನ್ನೆರಡೂವರೆಗೆ ಬುತ್ತಿ ಬಿಚ್ಚಿ ಮೂರರ ತನಕ ಬೇವಿನ ನೆರಳಲ್ಲಿ ವಿಶ್ರಾಂತಿ, ಮೂರರಿಂದ ಐದು ಕೆಲಸ. ಕುಡಿಯುವ ನೀರು ಹೊಲದವರದ್ದು. ಪಗಾರದಲ್ಲಿ ಒಂದು ರೂಪಾಯಿ ಕಡಿತ ಇಲ್ಲ. ದಿನಕ್ಕೆ ಎಷ್ಟು ಸಾಲು ಕಡಿಮೆ ಆಗುತ್ತದೆ ಅಂತ ಒಬ್ಬ ಗೆಳೆಯ ಈಗಲೂ ಗೊಣಗುತ್ತಾನೆ. ನನ್ನ ಹೊಲದಲ್ಲಿ ಒಂದು ಎಕರೆಗೆ ಒಂದೂವರೆ ಆಳು ಹೆಚ್ಚು ಹಿಡಿಯಿತು, ಮುಚ್ಚಿಡುವುದೇನಿದೆ. ಆ ಖರ್ಚು ಈ ರೇಟಿನಲ್ಲಿ ಎಲ್ಲರಿಗೂ ತಡೆಯುವಂಥದ್ದಲ್ಲ ಅನ್ನುವುದೂ ಖರೆ. ಮಹಾನವಮಿ ತನಕ ಹಿಂಗ ನಡೆಸಿ ನೋಡುವುದು ಅಂತ ನಾಲ್ವರೂ ಒಪ್ಪಿದ್ದೇವೆ.

ಇನ್ನು ಕರೆಂಟಿನ ಮಾತು. ಹಗಲು ತ್ರೀ ಫೇಸ್ ಕೇಳಿ ಅರ್ಜಿ ಬರೆಯುತ್ತಿದ್ದೇವೆ. ಅದಕ್ಕೆ ನನ್ನೊಬ್ಬನ ಮಣಿಕಟ್ಟಿನ ಲೆಕ್ಕ ಸಾಲುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಯಾರ‍್ಯಾರು ಇದನ್ನು ಓದುತ್ತಿದ್ದೀರಿ, ನಿಮ್ಮ ಊರಿನ ಹೆಸರು, ಹೋದ ಹದಿನೈದು ದಿವಸದಲ್ಲಿ ತ್ರೀ ಫೇಸ್ ಎಷ್ಟಕ್ಕೆ ಬಂತು ಎಷ್ಟಕ್ಕೆ ಹೋಯಿತು, ರಾತ್ರಿ ಎಷ್ಟು ಸಲ ಎದ್ದಿರಿ, ಇಷ್ಟು ಬರೆದು ಕಳಿಸ್ರಿ. ಪಟ್ಟಿ ಬೇಕಾಗಿಲ್ಲ, ವಹಿ-ಪೆನ್ನು ಸಾಕು. ಮನಿಯಾಕಿ ಎಷ್ಟಕ್ಕೆ ಎದ್ದಳು ಅನ್ನುವುದನ್ನೂ ಕೇಳಿ ಬರೀರಿ, ಅಂದಾಜಿಗೆ ಬರೀಬ್ಯಾಡ್ರಿ. ಬರುವ ಅಮಾವಾಸ್ಯೆ ಒಳಗೆ ಬಂದರೆ ಅರ್ಜಿಯ ಜೊತೆ ಹಚ್ಚುತ್ತೇನೆ.